ಗೋಡೆ ಮೇಲಿನ ಸೌತೆಬೀಜ

ಆರ್‌ಪಿಸಿ ಲೇಔಟ್‌ನ ನಮ್ಮ ಮನೆಯ ಬಚ್ಚಲ ಗೋಡೆಗೆ ಸೌತೆಬೀಜದಂಥದ್ದೊಂದು ಅಂಟಿಕೊಂಡಿತ್ತು. ಸುಣ್ಣದ ಚಕ್ಕೆ ಇರಬೇಕೆಂದು ಅತ್ತೆ ಪೊರಕೆಯಲ್ಲಿ ತಟ್ಟಿದರು. ಕೆಳಗೆ ಬಿದ್ದ ಬೀಜ ಸ್ವಲ್ಪ ಹೊತ್ತು ಸುಮ್ಮನಿದ್ದು ನಡೆಯತೊಡಗಿತು.

“ಅಯ್ಯೋ, ಇದಕ್ಕೆ ಜೀವ ಇದೆಯಲ್ಲೇ!”

ಭೂತಗನ್ನಡಿ ಹಿಡಿದು ಕೂತೆ. ಸೆಂಟಿಮೀಟರ್ ಉದ್ದದ ಚಪ್ಪಟೆ ಚೀಲ. ನಡು ಅಗಲ, ತುದಿಗಳು ಚೂಪು, ಎರಡು ತುದಿಗೂ ಬಾಗಿಲು. ಒಂದರಿಂದ ಕಂದು ತಲೆ, ಮೂರು ಜೊತೆ ಕಾಲು ಹೊರಬಂದು ಮನೆಯನ್ನೇ ಎಳೆದುಕೊಂಡು ಹೊರಟವು. ಕಡ್ಡಿ ಅಡ್ಡ ಇಟ್ಟೆ. ಒಳಸರಿದು, ಅಲ್ಲೇ ತಿರುಗಿ, ಹಿಂಬಾಗಿಲಲ್ಲಿ ಇಣುಕಿತು! ಚೀಲದ ಮೈಗೆಲ್ಲ ಮರಳು, ಧೂಳು. ಒಂದು ಕಡೆ ನಮ್ಮ ಕಾಲೊರಸಿನ ಕೆಂಪು ಎಳೆ. ಬಾಯಿಂದ ಬರುವ ರೇಷ್ಮೆಯಲ್ಲಿ ಎಲ್ಲವನ್ನೂ ಹೆಣೆದಿತ್ತು.

ಇದು ಫೆರಿಯೋಕಾ ಎಂಬ ಪುಟ್ಟ ಪತಂಗದ ಮರಿ. ಉಣ್ಣೆ ಬಟ್ಟೆಗೆ ಬೀಳುವ ನುಸಿ ಇದರ ದಾಯಾದಿ. 18ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೋಮೂರ್ ಆ ನುಸಿಗೆ ಬಣ್ಣ ಬದಲಿಸಿ ಉಣ್ಣೆ ಕೊಟ್ಟು, ಚೀಲದ ಮೇಲೆ ಬಣ್ಣದ ಪಟ್ಟೆ ಮೂಡಿದ್ದನ್ನು ಕಂಡಿದ್ದರು.

ರೆಕ್ಕೆ ಬಂದ ಮೇಲೆ ಇಂಥ ಚೀಲದ ಹುಳುಗಳ ಗುರುತು ಹಿಡಿಯುವುದು ಕಷ್ಟ. ಎಲ್ಲವೂ ಬೂದು, ಮುಟ್ಟಿದರೆ ಪುಡಿ. ಚೀಲವನ್ನೂ ಊಟವನ್ನೂ ನೋಡಿದರೆ ಅರ್ಧ ಕೆಲಸ ಮುಗಿದಂತೆ. ತಾರಸಿಯ ಗುಲಾಬಿ ಕುಂಡದಲ್ಲಿ ಕಡ್ಡಿ ಜೋಡಿಸಿದ ಚೀಲವೊಂದು ತೂಗುತ್ತಿದೆ. ಅದು ಬೇರೆಯೇ ಬಳಗ, ಯುಮೆಟಾ. ಜಾಲಿ, ದಾಳಿಂಬೆಗೂ ಬೀಳುತ್ತದೆ. ಅದರ ಹೆಣ್ಣಿಗೆ ರೆಕ್ಕೆಯೇ ಇಲ್ಲ, ಚೀಲದೊಳಗೇ ಮೊಟ್ಟೆ. ಇನ್ನು ಚೀಲ ಹೊರುವ ಕೋಲಿಯೋಫೋರಾ ಎಂಬ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲಿಗೆ ಒಂದು ಗಿಡ ಅಥವಾ ಅದರ ನೆಂಟಗಿಡಗಳು ಮಾತ್ರ ಒಗ್ಗುತ್ತವೆ. ಚಳಿದೇಶದ ಲಾರ್ಚ್ ಮರದಲ್ಲಿರುವುದು ಸೂಜಿಯೆಲೆಯ ತಿರುಳು ತಿಂದು, ಟೊಳ್ಳಾದ ಎಲೆಯನ್ನೇ ಕತ್ತರಿಸಿ ತೊಟ್ಟುಕೊಳ್ಳುತ್ತದೆ.

ಕಾರವಾರ, ಕೊಡಗಿನಿಂದ ಹೋದ ಎಷ್ಟೋ ಪುಟ್ಟ ಪತಂಗಗಳಿಗೆ ಹೆಸರಿಟ್ಟವರು ಇಂಗ್ಲೆಂಡಿನ ಶಾಲಾ ಮೇಷ್ಟ್ರು ಎಡ್ವರ್ಡ್ ಮೇರಿಕ್ (1854–1938). ಸೂಜಿಗೆ ಚುಚ್ಚಿದ ಪತಂಗ ಹಡಗು ಹತ್ತಬಹುದು. ಜೊತೆಗೆ ಅದು ತಿಂದ ಗಿಡದ ಹೆಸರು ಬರೆದು ಕಳಿಸದಿದ್ದರೆ ಮೇಷ್ಟ್ರಾದರೂ ಏನು ಮಾಡಿಯಾರು?

“ಹಾಗಾದ್ರೆ ನಮ್ಮನೆ ಹುಳದ ಗಿಡ ಯಾವ್ದು?” ಅತ್ತೆ ಕೇಳಿದರು.

ಗಿಡವಿಲ್ಲ. ಅದರ ಊಟ ಹಳೆಯ ಜೇಡರಬಲೆ, ಕೂದಲು, ಸತ್ತ ಹುಳುಗಳ ಚೂರು. ನಾನು ಮಾತಾಡದೆ ಬಚ್ಚಲ ಮೂಲೆಯತ್ತ ಕೈ ತೋರಿಸಿದೆ.

“ಬಲೆ ತೆಗಿ ಅಂತ ಯುಗಾದಿಯಿಂದ ಬಡ್ಕೋತಿದೀನಿ,” ಎನ್ನುತ್ತ ಅವರು ಉದ್ದನೆಯ ಕೋಲು ತಂದು ನನ್ನ ಕೈಗೇ ಕೊಟ್ಟರು.