ಐಷಾರಾಮಿ ಎಸ್‌ಯುವಿಗಳಲ್ಲಿ ಪರಿಕರಗಳ ಸ್ವಯಂ ಜೋಡಣೆ

ಐಷಾರಾಮಿ ಎಸ್‌ಯುವಿಗಳಲ್ಲಿ ಪರಿಕರಗಳ ಸ್ವಯಂ ಜೋಡಣೆ ಎಂದರೆ ವಾಹನದ ಮಾಲೀಕರು ಗ್ಯಾರೇಜಿನ ಅಥವಾ ಮಾರಾಟ ಮಳಿಗೆಯ ನೆರವಿಲ್ಲದೆ ಹೆಚ್ಚುವರಿ ಸಾಧನಗಳನ್ನು ತಾವೇ ಅಳವಡಿಸಿಕೊಳ್ಳುವುದು. ನೆಲಹಾಸು, ಮಡ್‌ಫ್ಲ್ಯಾಪ್, ಫುಟ್‌ಬೋರ್ಡ್, ಚಾವಣಿಯ ಕ್ಯಾರಿಯರ್, ಡ್ಯಾಶ್‌ಕ್ಯಾಮ್, ಹೆಚ್ಚುವರಿ ದೀಪಗಳು ಈ ಬಗೆಯ ಪರಿಕರಗಳಲ್ಲಿ ಮುಖ್ಯವಾದವು. ಇಂತಹ ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ಭಾಗಗಳು ಕಣ್ಣಿಗೆ ಕಾಣದಂತೆ ಅಡಗಿರುತ್ತವೆ. ಆದ್ದರಿಂದ ಕೆಲಸ ಸುಲಭವೋ ಕಠಿಣವೋ ಎಂಬುದಕ್ಕಿಂತ, ಜೋಡಿಸುವ ವಸ್ತು ಯಾವ ಭಾಗದ ಸನಿಹದಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಹಿನ್ನೆಲೆ

1970ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರೇಂಜ್ ರೋವರ್ ಇಂದು ಐಷಾರಾಮಕ್ಕೆ ಹೆಸರಾಗಿದ್ದರೂ ಅದರ ಮೊದಲ ಮಾದರಿಯ ಒಳಭಾಗವನ್ನು ನೀರು ಹಾಯಿಸಿ ತೊಳೆಯಬಹುದಾಗಿತ್ತು. ಆ ಕಾಲದ ವಾಹನಗಳಲ್ಲಿ ದೀಪಕ್ಕೊಂದು, ಹಾರ್ನಿಗೊಂದು ಎಂಬಂತೆ ಪ್ರತ್ಯೇಕ ತಂತಿಗಳಿದ್ದವು. ಸ್ಪ್ಯಾನರ್ ಹಿಡಿಯಬಲ್ಲ ಯಾರಾದರೂ ಒಂದು ತಂತಿಗೆ ಇನ್ನೊಂದನ್ನು ಹೊಸೆದು ಹೊಸ ದೀಪ ಉರಿಸಬಹುದಾಗಿತ್ತು. ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಕ್ಯಾನ್ ಸಂವಹನ ವ್ಯವಸ್ಥೆಯು ಕ್ರಮೇಣ ಈ ಚಿತ್ರವನ್ನು ಬದಲಿಸಿತು. ಇದರಲ್ಲಿ ಪರಸ್ಪರ ಹೊಸೆದ ಎರಡು ತಂತಿಗಳ ಮೇಲೆ ಎಂಜಿನ್, ಬ್ರೇಕ್, ಬಾಗಿಲು ಮೊದಲಾದವುಗಳ ನಿಯಂತ್ರಣ ಘಟಕಗಳು ಸಂದೇಶಗಳನ್ನು ಹಂಚಿಕೊಳ್ಳುತ್ತವೆ. ಮರ್ಸಿಡಿಸ್ ಎಂ ಕ್ಲಾಸ್ 1997ರಲ್ಲಿಯೂ ಬಿಎಂಡಬ್ಲ್ಯು ಎಕ್ಸ್5 1999ರಲ್ಲಿಯೂ ಬಂದ ಮೇಲೆ ಐಷಾರಾಮಿ ಎಸ್‌ಯುವಿಗಳ ಮಾರುಕಟ್ಟೆ ಬೆಳೆಯಿತು. ಈಗಿನ ವಾಹನವು ಬಲ್ಬು ಎಳೆಯುವ ವಿದ್ಯುತ್ತನ್ನೂ ಅಳೆಯುತ್ತದೆ. ಹಳೆಯ ಬಲ್ಬಿನ ಜಾಗದಲ್ಲಿ ಕಡಿಮೆ ವಿದ್ಯುತ್ ಬಳಸುವ ಎಲ್‌ಇಡಿ ಹಾಕಿದರೆ, ದೀಪ ಚೆನ್ನಾಗಿ ಉರಿಯುತ್ತಿದ್ದರೂ ‘ಬಲ್ಬು ಕೆಟ್ಟಿದೆ’ ಎಂಬ ಎಚ್ಚರಿಕೆ ಮೂಡುವುದು ಇದೇ ಕಾರಣಕ್ಕೆ.

ನೆಲಹಾಸು

ಪರಿಕರಗಳಲ್ಲಿ ಅತ್ಯಂತ ಸರಳವಾದುದು ನೆಲಹಾಸು. ಆದರೆ ಪರಿಕರ ಜೋಡಣೆಯ ಇತಿಹಾಸದಲ್ಲಿ ಬಹಳ ಚರ್ಚೆಗೆ ಒಳಗಾದ ದುರಂತವೂ ಅದಕ್ಕೇ ಸಂಬಂಧಿಸಿದೆ. 2009ರ ಆಗಸ್ಟ್ 28ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ ಲೆಕ್ಸಸ್ ಇಎಸ್ 350 ಕಾರೊಂದು ವೇಗ ತಗ್ಗಿಸಲಾಗದೆ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಅದು ಮಾರಾಟ ಮಳಿಗೆಯವರು ತಾತ್ಕಾಲಿಕವಾಗಿ ಕೊಟ್ಟಿದ್ದ ಬದಲಿ ಕಾರು. ಅದರಲ್ಲಿದ್ದ ರಬ್ಬರ್ ಹಾಸು ಅದೇ ಸಂಸ್ಥೆಯ ಆರ್‌ಎಕ್ಸ್ 400ಎಚ್ ಎಂಬ ಎಸ್‌ಯುವಿಗೆ ಸೇರಿದ್ದೆಂದೂ, ಅದನ್ನು ಕೊಕ್ಕೆಗಳಿಗೆ ಸಿಕ್ಕಿಸಿರಲಿಲ್ಲವೆಂದೂ, ವೇಗವರ್ಧಕ ಪೆಡಲ್ ಅದರ ಅಂಚಿಗೆ ಸಿಲುಕಿತ್ತೆಂದೂ ತನಿಖೆಯಿಂದ ತಿಳಿದುಬಂತು. ಮರು ತಿಂಗಳೇ ಟೊಯೊಟಾ ಸಂಸ್ಥೆಯು ನೆಲಹಾಸಿನ ಕಾರಣಕ್ಕಾಗಿ ಸುಮಾರು 38 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯುವುದಾಗಿ ಪ್ರಕಟಿಸಿತು.

ಹಾಸು ಆಯಾ ಮಾದರಿಗೆಂದೇ ತಯಾರಾಗಿರಬೇಕು. ಹಳೆಯದರ ಮೇಲೆ ಹೊಸದನ್ನು ಹಾಸಬಾರದು. ನೆಲದ ಕೊಕ್ಕೆಗಳಿಗೆ ಹಾಸನ್ನು ಸಿಕ್ಕಿಸಿದ ಮೇಲೆ ಎಂಜಿನ್ ಆರಿಸಿ ಪೆಡಲುಗಳನ್ನು ಪೂರ್ತಿ ಒತ್ತಿಬಿಟ್ಟು, ಅವು ಎಲ್ಲಿಯೂ ತಾಗದೆ ಮೇಲೇಳುತ್ತವೆಯೇ ಎಂದು ನೋಡಬೇಕು. ಒಂದು ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ಬಹಳಷ್ಟು ಮಂದಿ ಮಾಡುವುದೇ ಇಲ್ಲ.

ವಿದ್ಯುತ್ ಪರಿಕರಗಳು

ಡ್ಯಾಶ್‌ಕ್ಯಾಮ್ ಅನ್ನು ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸಿದರೆ ವಿಶೇಷ ತೊಡಕಿಲ್ಲ. ತಂತಿಯನ್ನು ಮರೆಮಾಡಿ ಫ್ಯೂಸ್ ಪೆಟ್ಟಿಗೆಗೆ ಒಯ್ಯುವಾಗ ಎಚ್ಚರ ಬೇಕು. ಮುಂಭಾಗದ ಗಾಜಿನ ಪಕ್ಕದ ಕಂಬದೊಳಗೆ, ಅಪಘಾತದ ವೇಳೆ ಪರದೆಯಂತೆ ಇಳಿಬೀಳುವ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ತಂತಿಯು ಅದರ ಹಿಂಬದಿಯಿಂದ ಸಾಗಬೇಕು. ಮುಂಬದಿಯಲ್ಲಿ ಹಾದರೆ ಏರ್‌ಬ್ಯಾಗ್ ಅರಳುವುದಕ್ಕೆ ಅಡ್ಡಿಯಾಗುತ್ತದೆ, ಇಲ್ಲವೇ ತಂತಿಯೇ ಪ್ರಯಾಣಿಕರತ್ತ ಚಿಮ್ಮುತ್ತದೆ. ಏರ್‌ಬ್ಯಾಗಿನ ತಂತಿಗಳನ್ನೂ ಜೋಡಣೆಗಳನ್ನೂ ಸಾಮಾನ್ಯವಾಗಿ ಹಳದಿ ಬಣ್ಣದಿಂದ ಗುರುತಿಸಿರುತ್ತಾರೆ. ಅವುಗಳನ್ನು ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪಕ್ಕದ ಏರ್‌ಬ್ಯಾಗ್ ಆಸನದೊಳಗೇ ಇರುವ ವಾಹನಗಳಿಗೆ ಎಲ್ಲೆಂದರಲ್ಲಿ ಸಿಗುವ ಸೀಟ್ ಕವರ್ ತೊಡಿಸುವುದೂ ಇದೇ ಕಾರಣಕ್ಕೆ ಅಪಾಯಕರ.

ನಿಂತ ವಾಹನದಲ್ಲಿಯೂ ಚಿತ್ರೀಕರಿಸುವ ಕ್ಯಾಮೆರಾ 0.25 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 6 ಆಂಪಿಯರ್-ಗಂಟೆ ಖರ್ಚಾಗುತ್ತದೆ. ವಾರದಲ್ಲಿ ಅದು 42 ಆಗಿ, 80 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಬರಿದಾಗುತ್ತದೆ. ವೋಲ್ಟೇಜ್ ಇಳಿದೊಡನೆ ಸಂಪರ್ಕ ಕಡಿಯುವ ಸಾಧನವನ್ನು ಬಳಸುವುದು ಇದಕ್ಕಾಗಿ. ಬಹಳಷ್ಟು ಐಷಾರಾಮಿ ವಾಹನಗಳಲ್ಲಿ ಬ್ಯಾಟರಿಯ ಋಣ ತುದಿಗೆ ಸಂವೇದಕವೊಂದನ್ನು ಕೂರಿಸಿರುತ್ತಾರೆ. ಹೊಸ ಪರಿಕರದ ಅರ್ತ್ ತಂತಿಯನ್ನು ನೇರವಾಗಿ ಆ ತುದಿಗೆ ಬಿಗಿದರೆ ಅದರ ಬಳಕೆ ಸಂವೇದಕದ ಲೆಕ್ಕಕ್ಕೆ ಸಿಗುವುದಿಲ್ಲ. ತಯಾರಕರು ಸೂಚಿಸಿದ ಲೋಹದ ಬಿಂದುವಿಗೇ ಅದನ್ನು ಜೋಡಿಸಬೇಕು.

ಹೆಚ್ಚುವರಿ ದೀಪಗಳ ಲೆಕ್ಕ ಸರಳ: 120 ವ್ಯಾಟಿನ ದೀಪ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಅದಕ್ಕೆ ತಕ್ಕ ದಪ್ಪದ ತಂತಿ, ರಿಲೇ, ಹಾಗೂ ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಬೇಕು. ಫ್ಯೂಸ್ ಇರುವುದು ತಂತಿಯ ರಕ್ಷಣೆಗಾಗಿ. ಅದು ಪದೇ ಪದೇ ಸುಟ್ಟುಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ತಂತಿಯೇ. ದೀಪ ಕೂರಿಸುವ ಜಾಗವನ್ನೂ ಗಮನಿಸಬೇಕು. ಹಲವು ಮರ್ಸಿಡಿಸ್ ವಾಹನಗಳಲ್ಲಿ ಮುಂದಿನ ವಾಹನದ ದೂರ ಅಳೆಯುವ ರೇಡಾರ್ ನಕ್ಷತ್ರ ಲಾಂಛನದ ಹಿಂದೆಯೇ ಇದೆ. ಅದರ ಮುಂದೆ ಲೋಹದ ವಸ್ತು ಬಂದರೆ ಸ್ವಯಂಚಾಲಿತ ಬ್ರೇಕಿನ ವ್ಯವಸ್ಥೆಗೆ ಕಣ್ಣು ಕಟ್ಟಿದಂತಾಗುತ್ತದೆ.

ಚಾವಣಿ ಮತ್ತು ತಳಭಾಗ

ಚಾವಣಿ ಹೊರಬಹುದಾದ ಭಾರವನ್ನು ಮಾಲೀಕರ ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಸಾಮಾನ್ಯವಾಗಿ ಕ್ಯಾರಿಯರಿನ ತೂಕವೂ ಅದರಲ್ಲಿ ಸೇರುತ್ತದೆ. ಮಿತಿ 75 ಕಿಲೋಗ್ರಾಂ ಇದ್ದು, ಅಡ್ಡಪಟ್ಟಿಗಳು 6, ಪೆಟ್ಟಿಗೆ 20 ಕಿಲೋಗ್ರಾಂ ತೂಗಿದರೆ ಸಾಮಾನಿಗೆ ಉಳಿಯುವುದು 49 ಮಾತ್ರ. 2012ರ ರೇಂಜ್ ರೋವರಿನಂತೆ ಅಲ್ಯೂಮಿನಿಯಂ ಕವಚವಿರುವ ವಾಹನಕ್ಕೆ ಅಯಸ್ಕಾಂತದ ದೀಪಗಳು ಅಂಟುವುದಿಲ್ಲ. ಅಂತಹ ಕವಚಕ್ಕೆ ಉಕ್ಕಿನ ಬೋಲ್ಟು ನೇರವಾಗಿ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ.

ಫುಟ್‌ಬೋರ್ಡ್ ಜೋಡಿಸಲು ವಾಹನದ ಅಡಿಗೆ ತೂರಬೇಕಾಗಬಹುದು. ಗಾಳಿ ತುಂಬಿದ ಸಸ್ಪೆನ್ಷನ್ ಉಳ್ಳ ಎಸ್‌ಯುವಿಗಳು ನಿಂತಲ್ಲೇ ತಮ್ಮ ಎತ್ತರವನ್ನು ತಾವೇ ಸರಿಪಡಿಸಿಕೊಳ್ಳಬಲ್ಲವು. ಅಡಿಯಲ್ಲಿ ಮಲಗಿದವರಿಗೆ ಇದು ಮಾರಕವಾದೀತು. ಕೈಪಿಡಿಯಂತೆ ಆ ವ್ಯವಸ್ಥೆಯನ್ನು ಮೊದಲು ಸ್ಥಗಿತಗೊಳಿಸಿ, ಗಟ್ಟಿ ಸಮತಟ್ಟು ನೆಲದಲ್ಲಿ, ಜಾಕಿನ ಜೊತೆಗೆ ಉಕ್ಕಿನ ಆಧಾರ ಸ್ಟ್ಯಾಂಡುಗಳನ್ನು ಕೊಡಬೇಕು. ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು.

ಖಾತರಿ ಮತ್ತು ಕಾನೂನು

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ಹೊರಗಿನ ಪರಿಕರ ಬಳಸಿದ ಮಾತ್ರಕ್ಕೆ ತಯಾರಕರು ಖಾತರಿಯನ್ನು ನಿರಾಕರಿಸುವಂತಿಲ್ಲ. ದೋಷಕ್ಕೆ ಆ ಪರಿಕರವೇ ಕಾರಣವಾಗಿದ್ದರೆ ಮಾತು ಬೇರೆ.

ಭಾರತದಲ್ಲಿ ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಇದೇ ಕಲಮನ್ನು ಆಧರಿಸಿ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ, ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ವಾಹನದ ಮುಂಭಾಗವು ಮುದುಡಿ ಆಘಾತವನ್ನು ಹೀರಿಕೊಳ್ಳುವಂತೆ ರಚಿತವಾಗಿರುತ್ತದೆ. ಗಟ್ಟಿ ಕೊಳವೆಯು ಆ ರಚನೆಯನ್ನು ಕೆಡಿಸುವುದಲ್ಲದೆ ಪಾದಚಾರಿಗೆ ತಾಗುವ ಪೆಟ್ಟನ್ನೂ ಹೆಚ್ಚಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ತೀರ್ಪಿತ್ತಿತು.

ಉಪಕರಣವೇ ಬೇಡದ, ಕೈಯಲ್ಲೇ ಸಿಕ್ಕಿಸಬಹುದಾದ ವಸ್ತುವೂ ಆಕ್ಷೇಪಕ್ಕೆ ಗುರಿಯಾದದ್ದುಂಟು. ಸೀಟ್ ಬೆಲ್ಟ್ ಧರಿಸದಿದ್ದರೂ ಎಚ್ಚರಿಕೆಯ ಸದ್ದನ್ನು ಅಡಗಿಸುವ ಸಣ್ಣ ಕ್ಲಿಪ್ಪುಗಳ ಮಾರಾಟವನ್ನು ನಿಲ್ಲಿಸುವಂತೆ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಇ-ವಾಣಿಜ್ಯ ಸಂಸ್ಥೆಗಳಿಗೆ ಆದೇಶಿಸಿತು. ಏರ್‌ಬ್ಯಾಗನ್ನು ಬೆಲ್ಟ್ ಧರಿಸಿ ಕುಳಿತವರಿಗೆಂದು ವಿನ್ಯಾಸಗೊಳಿಸಿರುತ್ತಾರೆ. ಬೆಲ್ಟ್ ಇಲ್ಲದಿದ್ದರೆ ಅದೇ ಗಾಯಕ್ಕೆ ಕಾರಣವಾಗಬಹುದು. ಆದೇಶದ ನಂತರ ಇಂತಹ 13,118 ಮಾರಾಟ ಪಟ್ಟಿಗಳನ್ನು ತೆಗೆದುಹಾಕಲಾಯಿತು.