ಹಾಲ್‌ಟಿಕೆಟ್ ಕರೆಯುವ ಮೊದಲೇ ಬೆಂಗಳೂರಿಗೆ ಹೋಗಿ ಬನ್ನಿ

ನಂಜನಗೂಡಿಗೆ ಯಾವಾಗ ಬಂದರೆ ಒಳ್ಳೆಯದು ಅಂತ ಕೇಳಿದರೆ ನಮ್ಮೂರಿನ ಪ್ರೈಮರಿ ಸ್ಕೂಲ್ ಮಕ್ಕಳೂ ಉತ್ತರ ಹೇಳುತ್ತಾರೆ. ತೇರು ನೋಡಬೇಕಾ? ಮಾರ್ಚ್–ಏಪ್ರಿಲ್‌ನಲ್ಲಿ ನಡೆಯುವ ದೊಡ್ಡ ಜಾತ್ರೆಗೆ ಬನ್ನಿ, ಐದು ತೇರುಗಳನ್ನು ಒಂದೇ ದಿನ ನೋಡಬಹುದು. ನಂಜುಂಡೇಶ್ವರನ ದರ್ಶನ ನಿಧಾನಕ್ಕೆ ಆಗಬೇಕಾ? ಸೋಮವಾರ, ಹುಣ್ಣಿಮೆ ಬಿಟ್ಟು ಬನ್ನಿ. ಟಿ. ನರಸೀಪುರದಲ್ಲಿರುವ ನನ್ನ ದೊಡ್ಡಮ್ಮನ ಮಗಳೂ ಹಾಗೇ. 1989ರಲ್ಲಿ ಶುರುವಾದ, ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದ ಕುಂಭಮೇಳ ಕಳೆದ ಬಾರಿ 2025ರ ಫೆಬ್ರುವರಿ 10ರಿಂದ 12ರವರೆಗೆ ಆಯಿತು ಅಂತ ಹೇಳಿ, ಜನಜಂಗುಳಿ ಬೇಡವೆಂದರೆ ಯಾವ ಹೊತ್ತಿಗೆ ಸಂಗಮಕ್ಕೆ ಬರಬೇಕು ಅನ್ನುವುದನ್ನೂ ಸೇರಿಸುತ್ತಾಳೆ.

ನಮ್ಮೂರಿಗೆ ದಿನ ನೋಡಿ ಬನ್ನಿ ಅನ್ನುವ ನಾವು, ಬೆಂಗಳೂರಿಗೆ ಮಾತ್ರ ದಿನ ನೋಡದೇ ಹೋಗುತ್ತೇವೆ. ಹಾಲ್‌ಟಿಕೆಟ್ಟೋ ಇಂಟರ್‌ವ್ಯೂ ಮೆಸೇಜೋ ನಮ್ಮ ಬದಲು ದಿನ ಗೊತ್ತು ಮಾಡುತ್ತದೆ. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ಮುಖ ತೊಳೆದು, ಆಟೊದವರು ಕೇಳಿದಷ್ಟು ಕೊಟ್ಟು, ಪರೀಕ್ಷೆ ಬರೆದು, ಸಂಜೆ ಅದೇ ಮೆಜೆಸ್ಟಿಕ್‌ನಿಂದ ವಾಪಸ್. ‘ಬೆಂಗಳೂರಲ್ಲಿ ಏನು ನೋಡ್ದೆ?’ ಅಂತ ಕೇಳಿದರೆ ‘ಬಸ್ ಸ್ಟ್ಯಾಂಡು’ ಅನ್ನುವವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಒಂದೇ ದಿನದ ಹೆದರಿಕೆ

ನಮ್ಮ ಬೀದಿಯ ಅಣ್ಣನೊಬ್ಬ ಹಾಗೆ ಹೋಗಿ ಬಂದವನು. ಇಂಟರ್‌ವ್ಯೂನಲ್ಲಿ ಪಾಸಾಗಿತ್ತು, ಆಫರ್ ಲೆಟರೂ ಬಂತು. ಆದರೆ ಅವನು ಹೋಗಲಿಲ್ಲ. ‘ಅಲ್ಲಿ ಉಸಿರಾಡೋಕೂ ಆಗಲ್ಲ’ ಅಂದುಬಿಟ್ಟ. ಅವನು ಕಂಡಿದ್ದು ಮಳೆ ಬಂದ ಒಂದು ಶುಕ್ರವಾರ ಸಂಜೆಯ ಟ್ರಾಫಿಕ್ ಮಾತ್ರ. ಹೋಗದೇ ಇದ್ದದ್ದು ಸರಿಯೋ ತಪ್ಪೋ ಹೇಳಲು ನಾನು ಯಾರು? ಆದರೆ ಅಷ್ಟು ದೊಡ್ಡ ತೀರ್ಮಾನಕ್ಕೆ ಒಂದು ಸಂಜೆ ಸಾಕೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಯಾಕೆಂದರೆ ನನ್ನ ಸರದಿಯೂ ಹತ್ತಿರ ಬಂದಿತ್ತು. ಬಿ.ಕಾಂ. ಕೊನೆಯ ವರ್ಷ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಇಂಟರ್‌ವ್ಯೂಗೆ ಕರೆಯುವುದಿತ್ತು, ಸಂಬಳ 19 ಸಾವಿರ ಅಂದಿದ್ದರು. ಇತ್ತ ನಂಜನಗೂಡು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ಕೆಲಸ, 14 ಸಾವಿರ. ಅಪ್ಪನ ಮನಸ್ಸು ಯಾವುದರ ಕಡೆಗಿತ್ತು ಅಂತ ಬೇರೆ ಹೇಳಬೇಕಿಲ್ಲ. ಎರಡರಲ್ಲಿ ಯಾವುದು ಎಂದು ಯೋಚಿಸುವ ಮೊದಲು ಆ ಊರನ್ನು ಒಮ್ಮೆ ನನ್ನ ಪಾಡಿಗೆ ನಾನು ನೋಡಬೇಕು ಅಂದುಕೊಂಡೆ. ನರಸೀಪುರದ ಅಕ್ಕನೂ ಕೆಲಸ ಹುಡುಕುತ್ತಿದ್ದಳು, ಜೊತೆಯಾದಳು.

‘ಕೆಲಸ ಸಿಕ್ಕಿದ ಮೇಲೆ ದಿನಾ ನೋಡದೇ ಇರ್ತದ, ಈಗ್ಯಾಕವ್ವ?’ ಅಂದರು ಅಪ್ಪ. ‘ಹೆಣ್ಣು ತೋರಿಸೋಕೆ ಮುಂಚೆ ಮನೆ ಕಡೆ ವಿಚಾರಿಸಲ್ವಾ ಅಪ್ಪ, ಹಂಗೇ’ ಅಂದೆ. ನಕ್ಕರು. ಕೆಂಗೇರಿಯ ಚಿಕ್ಕಮ್ಮನಿಗೆ ಫೋನ್ ಹೋಯಿತು. ಅಷ್ಟಕ್ಕೆ ಒಪ್ಪಿಗೆ ಸಿಕ್ಕಂತೆ.

ಬೆಂಗಳೂರಿಗೂ ಒಂದು ಪಂಚಾಂಗ

ಯಾವಾಗ ಹೋಗುವುದು ಅಂತ ಕೂತು ನೋಡಿದಾಗಲೇ ಗೊತ್ತಾಗಿದ್ದು, ಬೆಂಗಳೂರಿಗೂ ನಮ್ಮೂರಿನ ಹಾಗೆ ತನ್ನದೇ ಪಂಚಾಂಗ ಇದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯುದ್ದಕ್ಕೂ ಚಿತ್ರಸಂತೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ. ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ.

ವಾರಕ್ಕೂ ಒಂದು ಲೆಕ್ಕ ಇದೆ. ಸೋಮವಾರ ನೆಹರೂ ತಾರಾಲಯಕ್ಕೆ ರಜೆ, ಅರಮನೆ ರಸ್ತೆಯ ಆಧುನಿಕ ಕಲಾ ಗ್ಯಾಲರಿಗೂ ರಜೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನಗಳನ್ನು ಬಿಡುವುದಿಲ್ಲ, ರಸ್ತೆಯೆಲ್ಲ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ. ವಿಧಾನಸೌಧವನ್ನು ಒಳಗೆ ಹೋಗಿ ನೋಡಲು 2025ರ ಜೂನ್‌ನಿಂದ ಭಾನುವಾರಗಳಂದು ಮತ್ತು ಎರಡನೇ, ನಾಲ್ಕನೇ ಶನಿವಾರ ಅವಕಾಶ ಮಾಡಿದ್ದಾರೆ. ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಿಕೊಳ್ಳಬೇಕು.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಾಗ ನಮ್ಮ ದಿನ ತಾನಾಗಿ ಸಿಕ್ಕಿತು: ಕಾರ್ತಿಕದ ಕಡೇ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ. ಭಾನುವಾರ ಊರು ನೋಡುವುದಕ್ಕೆ. ನೋಡುವ ಜಾಗಗಳು ಮುಚ್ಚಿರುವ ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಬೆಂಗಳೂರನ್ನು ನೋಡುವುದಕ್ಕೆ. ಮಧ್ಯಾಹ್ನ ಪರಿಷೆ. ಅಮ್ಮನಿಗೆ ಮಾತ್ರ ಬೇಸರ. ‘ಕಡೇ ಕಾರ್ತಿಕ ಸೋಮವಾರ ಊರಲ್ಲಿರೋ ನಂಜುಂಡಪ್ಪನ್ನ ಬಿಟ್ಟು ಅಲ್ಲಿ ಬಸವಣ್ಣನ ಹತ್ರ ಹೋಗ್ತೀಯ?’ ಅಂದರು. ಶಿವನೂ ಬಸವನೂ ಬೇರೆಯಾ ಅಂತ ಅಕ್ಕ ಸಮಾಧಾನ ಮಾಡಿದಳು.

ಭಾನುವಾರ: ನಮ್ಮೂರು ಮೊದಲೇ ಅಲ್ಲಿತ್ತು

ನಂಜನಗೂಡಿನಿಂದ ಮೈಸೂರಿಗೆ ರೈಲೂ ಇದೆ, ಬಸ್ಸೂ ಇದೆ. ನರಸೀಪುರಕ್ಕೆ ರೈಲಿಲ್ಲ, ಬಸ್ಸೇ ಗತಿ. ಇಬ್ಬರೂ ಬೆಳಿಗ್ಗೆ ಮೈಸೂರಲ್ಲಿ ಸೇರಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಕೂತೆವು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ನಮ್ಮಂಥ ಹುಡುಗಿಯರಿಗೆ ಬೆಂಗಳೂರು ನಿಜವಾಗಿಯೂ ಹತ್ತಿರವಾಗಿದೆ. ರಾಜಹಂಸ, ಐರಾವತಕ್ಕೆ ಇದು ಅನ್ವಯಿಸುವುದಿಲ್ಲ, ನೆನಪಿರಲಿ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದರೆ ಹತ್ತಿರದಲ್ಲೇ ದೀಪಾಂಜಲಿನಗರ ಮೆಟ್ರೊ. ಮೆಜೆಸ್ಟಿಕ್‌ನ ಗಲಾಟೆಗೆ ಸಿಕ್ಕಿಕೊಳ್ಳದೇ ನೇರ ವಿಧಾನಸೌಧದ ಹತ್ತಿರ ಇಳಿಯಬಹುದು.

ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದರೂ ವಿಧಾನಸೌಧದ ಮುಂದೆ ನಿಂತಾಗ ಕತ್ತೆತ್ತಿ ನೋಡಲೇಬೇಕು. 1956ರಲ್ಲಿ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಮುಗಿದ ಕಟ್ಟಡ. ಎಫ್‌ಡಿಎ, ಎಸ್‌ಡಿಎಗೆ ಓದುತ್ತಿರುವ ಅಕ್ಕ ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನುವ ಬರಹವನ್ನು ಎರಡು ಸಲ ಓದಿ, ‘ದೇವರು ಕಾಲ್‌ಫಾರ್ಮೇ ಮಾಡ್ತಿಲ್ಲ’ ಅಂದಳು. ಅಲ್ಲಿಂದ ಕಬ್ಬನ್ ಪಾರ್ಕ್‌ಗೆ ನಡೆದೇ ಹೋದೆವು. ಮರದ ಕೆಳಗೆ ಪುಸ್ತಕ ಹಿಡಿದು ಕೂತವರು, ಬುತ್ತಿ ಬಿಚ್ಚಿದ ಸಂಸಾರಗಳು, ಹಾರ್ನ್ ಇಲ್ಲದ ರಸ್ತೆ. ಬೀದಿಯ ಅಣ್ಣ ಹೇಳಿದ್ದ ಬೆಂಗಳೂರು ಇದಾಗಿರಲಿಲ್ಲ.

ಮಧ್ಯಾಹ್ನ ತಾರಾಲಯದಲ್ಲಿ ಒಂದು ಶೋ ನೋಡಿ ಹೊರಗೆ ಬಂದಾಗ ರಸ್ತೆಯ ಬೋರ್ಡು ಕಂಡು ಅಕ್ಕ ನಿಂತುಬಿಟ್ಟಳು: ಟಿ. ಚೌಡಯ್ಯ ರಸ್ತೆ. ಆ ‘ಟಿ’ ಅಂದರೆ ತಿರುಮಕೂಡಲು, ಅವಳ ಊರು. 1895ರಲ್ಲಿ ಅಲ್ಲಿ ಹುಟ್ಟಿದ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು, ಮೈಸೂರು ಅರಮನೆಯ ವಿದ್ವಾಂಸರಾದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯದನ್ನು ನುಡಿಸಿದರು. ಮೈಕ್ ಇಲ್ಲದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೂ ಕೇಳಲಿ ಅಂತ. ಅವರ ಹೆಸರಿನ ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರದ ಕಡೆ ಇದೆ. 1980ರಲ್ಲಿ ಆದ ಆ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಹೊರಗಿನಿಂದ ನೋಡಿ ಬಂದೆವು. ಕಛೇರಿಯೋ ನಾಟಕವೋ ಇರುವ ದಿನ ಹೋದರೆ ಒಳಗೂ ನೋಡಬಹುದು.

ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ನಲ್ಲಿ ನೀರಿನ ಮಾತು ಬಂತು. ‘ಇವತ್ತು ಕಾವೇರಿ ಬಿಟ್ಟವ್ರೆ, ತುಂಬಿಸ್ಕೊಳ್ಳಿ’ ಅಂದರು. ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ಕೆಳಗೆ ಮಳವಳ್ಳಿ ತಾಲ್ಲೂಕಿನಲ್ಲಿ ನೀರನ್ನು ಎತ್ತಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಪಂಪ್ ಮಾಡುತ್ತಾ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ತರುತ್ತಾರೆ. 1974ರಿಂದ ಹೀಗೆ. ಅಂದರೆ ನನ್ನ ಊರಿನ ಹೊಳೆಯೂ ಅಕ್ಕನ ಊರಿನ ಸಂಗಮವೂ ಆ ಬಕೆಟ್‌ನಲ್ಲಿದ್ದವು. ಪರ ಊರಿಗೆ ಬಂದಿದ್ದೇವೆ ಅನ್ನುವ ಅಳುಕು ಆಗ ಅರ್ಧ ಇಳಿಯಿತು.

ಸೋಮವಾರ: ಗಡಿಯಾರ ಹಿಡಿದ ಪ್ರಯಾಣ

ಸೋಮವಾರ ಎಂಟೂವರೆಗೆ, ಕೆಲಸಕ್ಕೆ ಹೋಗುವವರ ಹಾಗೆಯೇ ಬ್ಯಾಗ್ ಹಾಕಿಕೊಂಡು ಕೆಂಗೇರಿಯಲ್ಲಿ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಇಳಿದು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ಎಲೆಕ್ಟ್ರಾನಿಕ್ ಸಿಟಿ ಮುಟ್ಟಿದಾಗ ಒಂದೂವರೆ ಗಂಟೆ ಆಗಿತ್ತು. ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಳದಿ ಮಾರ್ಗದ ರೈಲಿಗೆ ಕಾಯಬೇಕಾಯಿತು. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಮೆಟ್ರೊದ ಗರಿಷ್ಠ ಟಿಕೆಟ್ 90 ರೂಪಾಯಿಗೆ ಹೋಗಿದೆ. ದೂರದಲ್ಲಿದ್ದು ದಿನಾ ಓಡಾಡಿದರೆ ತಿಂಗಳಿಗೆ ಎಷ್ಟು ಅನ್ನುವುದನ್ನು ರೈಲಿನಲ್ಲೇ ಲೆಕ್ಕ ಹಾಕಿದೆ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಆ ಕೆಲಸ ಮಾಡುವುದು ಕಷ್ಟ ಅಂತ ಅಲ್ಲೇ ಗೊತ್ತಾಯಿತು.

ಹಾಗಾದರೆ ಪಿ.ಜಿ.? ಕಂಪನಿಗೆ ನಡೆದು ಹೋಗುವ ದೂರದಲ್ಲಿ ಮೂರು ಲೇಡೀಸ್ ಪಿ.ಜಿ.ಗಳಿಗೆ ಹೋಗಿ ಕೇಳಿದೆವು. ಇಬ್ಬರು ಹಂಚಿಕೊಳ್ಳುವ ರೂಮಿಗೆ ಊಟ ಸೇರಿ ಎಂಟೂವರೆಯಿಂದ ಹತ್ತು ಸಾವಿರ ಹೇಳಿದರು, ಅಡ್ವಾನ್ಸ್ ಬೇರೆ. ಒಂದರಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಕೊಳ್ಳೇಗಾಲದ ಕಡೆಯವರು. ‘ನೀರು, ಬೀಗ, ಊಟ ಮೂರೂ ನೋಡ್ಕಂಡೇ ದುಡ್ಡು ಕೊಡಿ’ ಅಂತ ಪಿಸುಮಾತಲ್ಲಿ ಹೇಳಿದರು. ಇಂಟರ್‌ವ್ಯೂ ದಿನ ಬಂದಿದ್ದರೆ ಇಷ್ಟು ಕೇಳಿ ತಿಳಿಯಲು ಪುರುಸೊತ್ತು ಎಲ್ಲಿರುತ್ತಿತ್ತು?

ಮಧ್ಯಾಹ್ನ ಅದೇ ದಾರಿಯಲ್ಲಿ ಹಿಂದಿರುಗಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಪರಿಷೆಗೆ ನಡೆದೆವು. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ. ಹಸಿ, ಹುರಿದದ್ದು, ಬೇಯಿಸಿದ್ದು. ಐ.ಟಿ. ಕಂಪನಿಯ ಐ.ಡಿ. ಕಾರ್ಡ್ ಕೊರಳಲ್ಲೇ ಇದ್ದವರೂ ಸಿಪ್ಪೆ ಬಿಡಿಸುತ್ತಾ ನಡೆಯುತ್ತಿದ್ದರು. ಜಾತ್ರೆ ಅಂದರೆ ಎಲ್ಲ ಕಡೆಯೂ ಜಾತ್ರೆಯೇ. ಅಮ್ಮನಿಗೆ ಎರಡು ಸೇರು ಕಟ್ಟಿಸಿಕೊಂಡು ಸಂಜೆ ಬಸ್ಸು ಹತ್ತಿದೆವು.

ಲೆಕ್ಕ

ಎರಡು ದಿನಕ್ಕೆ ಇಬ್ಬರಿಂದಲೂ ಸೇರಿ 1,100 ರೂಪಾಯಿ ಖರ್ಚಾಯಿತು, ಕಡಲೆಕಾಯಿಯೂ ಸೇರಿ. ಉಳಿದುಕೊಳ್ಳಲು ಮನೆ ಇತ್ತು, ಬಸ್ಸು ಉಚಿತ. ಹುಡುಗರಿಗೆ ಬಸ್ ಚಾರ್ಜ್ ಸೇರುತ್ತದೆ. ನೆಂಟರಿಲ್ಲದವರು ಬೆಳಿಗ್ಗೆ ಹೋಗಿ ರಾತ್ರಿ ಬರುವ ಹಾಗೆ ಒಂದೇ ದಿನಕ್ಕೆ ಯೋಜಿಸಬಹುದು. ಆಗ ವಾರದ ದಿನ ಹೋಗಿ, ಬೆಳಿಗ್ಗೆ ಕೆಲಸದ ಜಾಗ, ಮಧ್ಯಾಹ್ನ ಲಾಲ್‌ಬಾಗ್ ನೋಡಿ. 240 ಎಕರೆಯ ಆ ತೋಟದೊಳಗಿನ ಬಂಡೆ ಹತ್ತಿ ಕೆಂಪೇಗೌಡ ಗೋಪುರದ ಬಳಿ ನಿಂತರೆ ಊರು ಎಷ್ಟು ದೂರ ಹರಡಿದೆ ಅಂತ ಕಣ್ಣಿಗೇ ಕಾಣುತ್ತದೆ. ಫಲಪುಷ್ಪ ಪ್ರದರ್ಶನದ ಶನಿವಾರ, ಭಾನುವಾರಗಳನ್ನು ಮಾತ್ರ ತಪ್ಪಿಸಿ.

ಮನೆಗೆ ಬಂದು ಅಪ್ಪನ ಮುಂದೆ ಹಾಳೆ ಇಟ್ಟೆ. 19 ಸಾವಿರದಲ್ಲಿ ಪಿ.ಜಿ., ಓಡಾಟ, ಕೈಖರ್ಚು ಕಳೆದರೆ ಉಳಿಯುವುದು ಸುಮಾರು ಆರು ಸಾವಿರ. ಇಲ್ಲಿನ 14 ಸಾವಿರದಲ್ಲಿ ಮನೆಯಿಂದಲೇ ಹೋಗಿಬಂದರೆ ಉಳಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅಲ್ಲಿ ಎರಡು ವರ್ಷ ಕಲಿತರೆ ಮುಂದಿನ ದಾರಿ ಹೆಚ್ಚು. ಅಪ್ಪ ಹಾಳೆಯನ್ನು ತುಂಬಾ ಹೊತ್ತು ನೋಡಿ, ‘ಇಂಟರ್‌ವ್ಯೂಗೆ ಹೋಗು. ಕ್ಯಾಬ್ ಕೊಡ್ತಾರಾ, ನೈಟ್ ಶಿಫ್ಟ್ ಇದ್ಯಾ, ಎರಡೂ ಕೇಳು. ಆಮೇಲೆ ಕೂತು ಮಾತಾಡಣ’ ಅಂದರು. ಮೊದಲು ‘ಬೇಡ’ ಅಂದಿದ್ದವರು ಈಗ ಪ್ರಶ್ನೆ ಹೇಳಿಕೊಡುತ್ತಿದ್ದರು.

ಯಾವ ಕೆಲಸ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಆದರೆ ಬೆಂಗಳೂರು ಬೇಡ ಅಂದರೂ ಅದು ಹೆದರಿ ಅಲ್ಲ, ಬೇಕು ಅಂದರೂ ರೀಲ್ಸ್ ನೋಡಿ ಅಲ್ಲ.

ನೀವೂ ಡಿಗ್ರಿ ಕೊನೆಯ ವರ್ಷದಲ್ಲಿದ್ದರೆ ಒಂದು ಕೆಲಸ ಮಾಡಿ. ಕ್ಯಾಲೆಂಡರ್ ಇಳಿಸಿಕೊಂಡು ಒಂದು ಭಾನುವಾರ ಮತ್ತು ಒಂದು ಸೋಮವಾರಕ್ಕೆ ಗುರುತು ಹಾಕಿ. ನೋಡಬೇಕಾದ ನಾಲ್ಕು ಜಾಗದ ಜೊತೆಗೆ, ನಾಳೆ ನೀವು ಇರಬೇಕಾಗಬಹುದಾದ ಒಂದು ಜಾಗವನ್ನೂ ಬರೆದುಕೊಳ್ಳಿ. ನೀರಿನ ಬಾಟಲಿ, ಆಧಾರ್ ಕಾರ್ಡ್, ಜೊತೆಗೊಬ್ಬ ಸ್ನೇಹಿತರು ಇದ್ದರೆ ಸಾಕು. ರೆಸ್ಯೂಮೆ ಮನೆಯಲ್ಲೇ ಇರಲಿ, ಅದಕ್ಕೆ ಬೇರೆ ದಿನ ಇದೆ.