ಎಲುಬಿಗೂ ದುಡಿಮೆ ಬೇಕು

“ತುಂಬಿದ ಕೊಡ ಎತ್ತುವಾಗ ಬೆನ್ನಿನಲ್ಲಿ ಚಳಕು ಹೊಡೆಯಿತು, ಆಮೇಲೆ ನೆಟ್ಟಗೆ ನಿಲ್ಲಲಾಗಲಿಲ್ಲ” ಎನ್ನುವ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅನೇಕರಲ್ಲಿ ಇದಕ್ಕೆ ಕಾರಣ ಆಸ್ಟಿಯೋಪೊರೋಸಿಸ್, ಎಂದರೆ ಎಲುಬು ಟೊಳ್ಳಾಗುವ ರೋಗ. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಇಂಥವರಿಗೆ ನಾವು “ಇನ್ನು ಏನನ್ನೂ ಎತ್ತಬೇಡಿ” ಎನ್ನುತ್ತೇವೆ. ಆದರೆ ಪೂರ್ತಿ ವಿಶ್ರಾಂತಿಯಿಂದ ಎಲುಬು ಇನ್ನಷ್ಟು ಸವೆಯುತ್ತದೆ. ಭಾರ ಬಿದ್ದಾಗ, ಸ್ನಾಯು ಎಳೆದಾಗಲೇ ಹೊಸ ಎಲುಬು ಕಟ್ಟಿಕೊಳ್ಳುವುದು. ಆಸ್ಟ್ರೇಲಿಯಾದಲ್ಲಿ ಎಲುಬಿನ ಸಾಂದ್ರತೆ ತಗ್ಗಿದ್ದ 101 ಮಹಿಳೆಯರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ಗುಂಪು ತರಬೇತುದಾರರ ಎದುರಿನಲ್ಲೇ ವಾರಕ್ಕೆ 2 ಬಾರಿ, 30 ನಿಮಿಷದಂತೆ, 8 ತಿಂಗಳು ಭಾರ ಎತ್ತಿತು. ಅವರ ಬೆನ್ನೆಲುಬಿನ ಕೆಳಭಾಗದ ಸಾಂದ್ರತೆ ಸುಮಾರು ಶೇ. 3ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ. 1ರಷ್ಟು ಇಳಿಯಿತು.

ಹಾಗಾದರೆ ತೋಟದ ಕೆಲಸ ಸಾಲದೇ? ಸಾಲದು. ಬೆನ್ನು ಬಾಗಿಸಿ ಗೊಬ್ಬರದ ಬುಟ್ಟಿ ಎತ್ತಿದರೆ ಟೊಳ್ಳು ಬೆನ್ನೆಲುಬು ಕುಸಿಯಬಹುದು. ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದನ್ನು ಕಲಿಯೋಣ.

ಆರಂಭಕ್ಕೆ ಇಷ್ಟು ಸಾಕು: ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಯನ್ನು ಕೈಗಳಿಂದ ದೂಡುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಇದರಿಂದ ಕಾಲಿಗೆ ಬಲ ಬರುತ್ತದೆ, ಬೀಳುವ ಭಯ ತಗ್ಗುತ್ತದೆ. ಆಮೇಲೆ ಫಿಸಿಯೋಥೆರಪಿ ಬಲ್ಲವರ ಸಲಹೆಯಂತೆ ಭಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಈಗಾಗಲೇ ಎಲುಬು ಮುರಿದವರು ಮೊದಲು ವೈದ್ಯರನ್ನು ಕೇಳಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ಯಾರೂ ಬಿಡಬಾರದು.

ಅಮ್ಮನಿಗೆ ವಿಶ್ರಾಂತಿ ಕೊಡುವುದು ಪ್ರೀತಿಯೇ; ಜೊತೆಗೆ ನಿಂತು ವ್ಯಾಯಾಮ ಮಾಡಿಸುವುದು ಅದಕ್ಕಿಂತ ದೊಡ್ಡ ಪ್ರೀತಿ.